ಬದಲಿ ಕಳಿಸಿ ಮಾಡಿದ ಮುಷ್ಕರ

ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ರಜೆ ಎಂಬುದಿಲ್ಲ, ಬದಲಿ ಎಂಬುದಿದೆ. ಬಿಸಿಯೂಟ ಮಾಡುವ ಹೆಂಗಸಿಗೆ ಜ್ವರ ಬಂದರೆ, ನೆಂಟರ ಮನೆಯಲ್ಲಿ ಮದುವೆಯಾದರೆ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರೆ ಅವಳು "ನಾಳೆ ಬರಲ್ಲ" ಎನ್ನುವುದಿಲ್ಲ. "ನಾಳೆ ನಮ್ಮ ಓರಗಿತ್ತಿ ಬರ್ತಾಳ" ಎನ್ನುತ್ತಾಳೆ. ಓರಗಿತ್ತಿಗೆ ಆಗದಿದ್ದರೆ ನಾದಿನಿ, ನಾದಿನಿಗೂ ಆಗದಿದ್ದರೆ ಪಕ್ಕದ ಮನೆಯವಳು. ಹೀಗೆ ಬಂದವಳಿಗೆ ಕೂಲಿ ಕೊಡುವುದು ಸರ್ಕಾರವಲ್ಲ, ಬಾರದೆ ಉಳಿದವಳು. ಶಿಕಾರಿಪುರದಿಂದ ತೊಗರ್ಸಿ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹಳ್ಳಿಯಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ನನಗೆ ಕಂಡಿತು. ಕಂಡದ್ದನ್ನು ಬಾಯಿಬಿಟ್ಟು ಹೇಳದೆ ಇರುವ ಅಭ್ಯಾಸವೂ ನನಗಿಲ್ಲ.

ಹೈಸ್ಕೂಲಿನಿಂದಲೂ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವಾಗಿ ಮಾತಾಡು ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ. ಶಿಕಾರಿಪುರದ ಕಾಲೇಜಿಗೆ ಸೇರಿದ ಮೇಲಂತೂ ನನ್ನ ಎದುರು ನಿಲ್ಲಲು ಹುಡುಗರು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಮನೆಯಲ್ಲಿ ಮಾತ್ರ ನನಗೆ ಯಾರೂ ಸೋತಿದ್ದಿಲ್ಲ, ಏಕೆಂದರೆ ಯಾರೂ ಉತ್ತರವನ್ನೇ ಕೊಡುವುದಿಲ್ಲ. ನಾನು ಎರಡು ಕಾರಣ ಹೇಳಿ ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ಬೆಳ್ಳುಳ್ಳಿ ಗಡ್ಡೆಗಳನ್ನು ಮಡಿಲಿಗೆ ಹಾಕಿ "ಸುಲಕೋತ ಮಾತಾಡು" ಎನ್ನುತ್ತಾಳೆ.

ಅವ್ವ ಶಾಲೆಯ ಮುಖ್ಯ ಅಡುಗೆಯವಳು. ಅಣ್ಣನ ಹೆಂಡತಿ, ಅಂದರೆ ನನ್ನ ಅತ್ತಿಗೆ, ಅವಳ ಸಹಾಯಕಿ. ಅತ್ತಿಗೆ ಸೊರಬದ ಕಡೆಯವಳು, ತವರು ಗುಡವಿ ಕೆರೆಯ ಹತ್ತಿರದ ಹಳ್ಳಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ನಮ್ಮೂರಿಗೆ ಬರೀ 'ಅವರ ಮನೆ ಸೊಸೆ'. ಅಡುಗೆಗೆ ಸೇರಿದ ಮೇಲೆ 'ಊಟದ ಅಕ್ಕ' ಆದಳು. ಹಲ್ಲು ಬಿದ್ದ ಮಕ್ಕಳು ಅದನ್ನು ಮೇಷ್ಟ್ರಿಗೆ ತೋರಿಸುವ ಮೊದಲು ಅವಳಿಗೆ ತಂದು ತೋರಿಸುತ್ತಿದ್ದರು. ಸಂತೆಯಲ್ಲಿ ಯಾರದೋ ಮಗು ತಾಯಿಯ ಕೈ ಬಿಡಿಸಿಕೊಂಡು ಓಡಿ ಬಂದು ಇವಳ ಸೆರಗು ಹಿಡಿದರೆ ಅವಳ ಮುಖದಲ್ಲಿ ಮೂಡುತ್ತಿದ್ದ ಹೆಮ್ಮೆ ನನಗೆ ಯಾವ ಬಹುಮಾನ ಬಂದಾಗಲೂ ಮೂಡಿದ್ದಿಲ್ಲ.

ಅಂಥ ಅತ್ತಿಗೆ ಬಸುರಿಯಾದಾಗ ಮನೆಯಲ್ಲಿ ಎಲ್ಲರೂ ಕುಣಿದಾಡಿದೆವು. ಅವಳೂ ಸಂತೋಷಪಟ್ಟಳು, ಆದರೆ ಮಾರನೆಯ ದಿನವೇ ಅಕ್ಕಿ ಆರಿಸುತ್ತ ಕೇಳಿದಳು:

"ನಾ ತವರಿಗೆ ಹೋದ್ರೆ ಬದಲಿ ಯಾರು?"

ಅವಳ ಹೆದರಿಕೆಗೆ ಕಾರಣವಿತ್ತು. ಪಕ್ಕದೂರಿನ ಅಡುಗೆಯವಳೊಬ್ಬಳು ಹೆರಿಗೆಗೆ ಹೋಗುವಾಗ ತನ್ನ ನಾದಿನಿಯನ್ನೇ ನಿಲ್ಲಿಸಿ ಹೋಗಿದ್ದಳು. ಬಾಣಂತನ ಮುಗಿಸಿ ಬರುವಷ್ಟರಲ್ಲಿ ನಾದಿನಿಗೆ ಕೆಲಸ ಕೈಗೆ ಹತ್ತಿತ್ತು, ಊರಿಗೆ ಅವಳ ಸಾಂಬಾರು ಬಾಯಿಗೆ ಹತ್ತಿತ್ತು. "ನೀನು ಕೂಸು ನೋಡ್ಕ ಅತ್ತಿಗೆ, ಇದನ್ನ ನಾ ನೋಡ್ಕಂತೀನಿ" ಎಂದಳಂತೆ. ಜಗಳವಿಲ್ಲ, ಬೈಗುಳವಿಲ್ಲ. ಪ್ರೀತಿಯಿಂದಲೇ ಹೇಳಿದ ಮಾತಿನಲ್ಲಿ ಜಾಗ ಹೋಯಿತು.

"ಅವಳು ನಾದಿನಿ ಅಲ್ದಾ? ನೀನೂ ನನ್ನ ನಾದಿನಿಯೇ ಮಾರಾಯ್ತಿ" ಎಂದಳು ಅತ್ತಿಗೆ ನನ್ನ ಕಡೆ ಓರೆನೋಟ ಬೀರಿ.

"ನಾನು ಮಾಡಿದ ಸಾಂಬಾರು ಉಂಡ್ರೆ ಊರೇ ನಿನ್ನನ್ನ ಸೊರಬದಿಂದ ಹೊತ್ಕಂಡು ಬರ್ತತಿ, ಹೆದರಬ್ಯಾಡ" ಎಂದೆ.

ಅಡುಗೆಯವರ ಸಂಘಕ್ಕೆ ನಮ್ಮ ಕಡೆಯ ಹಳ್ಳಿಗಳಿಂದ ಅವ್ವನೇ ಮುಂದಾಳು. ಸಂಘದವರು ಕೂಡಿ ಒಂದು ತೀರ್ಮಾನಕ್ಕೆ ಬಂದರು: ಹೆರಿಗೆಗೆ ಹೋದವಳಿಗೆ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಬೇಕಾದವಳಿಗೆ ಸಂಬಳಸಹಿತ ರಜೆ ಬೇಕು, ಬದಲಿಯ ಕೂಲಿ ಸರ್ಕಾರ ಕೊಡಬೇಕು, ವಾಪಸು ಬಂದವಳಿಗೆ ಅವಳ ಜಾಗ ಸಿಗಬೇಕು. ಒಂದು ದಿನ ಒಲೆ ಹಚ್ಚದೆ ಶಿಕಾರಿಪುರದಲ್ಲಿ ಬಿಸಿಯೂಟದ ತಾಲ್ಲೂಕು ಕಚೇರಿಯ ಮುಂದೆ ಕೂರುವುದು.

ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಬೇಡಿಕೆಯಲ್ಲಿ ನ್ಯಾಯವಿರಲಿಲ್ಲ ಎಂದಲ್ಲ. ಬರೀ ನ್ಯಾಯವಿರುವ ಬೇಡಿಕೆಗಳು ಕಚೇರಿಗಳ ಬೀರುವಿನಲ್ಲಿ ಎಷ್ಟು ನೆಮ್ಮದಿಯಾಗಿ ಮಲಗಿರುತ್ತವೆ ಎಂದು ನನಗೆ ಗೊತ್ತಿತ್ತು. ಆದರೂ ಎದುರಾಳಿಯ ವಾದವನ್ನು ಅವನಿಗಿಂತ ಮೊದಲು ನಾವೇ ಹೇಳಿ ನೋಡಬೇಕು ಎಂಬುದು ನಾನು ಕಲಿತ ಪಾಠ. ಹಾಗಾಗಿ ಒಂದು ಸಂಜೆ ನಮ್ಮ ಅಂಗಳದಲ್ಲಿ ಹೆಂಗಸರನ್ನೆಲ್ಲ ಕೂರಿಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾನು ಸಾಹೇಬಳಾಗಿ ಕುಳಿತೆ.

"ಏನ್ರಮ್ಮ ಸಮಸ್ಯೆ?" ಎಂದೆ ಗಂಟಲು ದಪ್ಪ ಮಾಡಿ.

"ಹೆರಿಗಿಗೆ ಹೋದ್ರೆ ಸಂಬಳ ಕೊಟ್ಟು ರಜ ಕೊಡಬೇಕು ಸಾರ್" ಎಂದಳು ಅವ್ವ, ಮಗಳ ಮುಂದೆ ಕೈಕಟ್ಟಿ.

"ನಿಮಗೆ ಸಂಬಳ ಎಲ್ಲೈತ್ರಿ? ಅದು ಗೌರವಧನ. ನೀವು ನೌಕರರಲ್ಲ, ಸೇವೆ ಮಾಡೋರು. ಸೇವೆಗೆ ರಜ ಅಂತ ಇರ್ತತಾ?"

ಹಿಂದಿನಿಂದ ಒಬ್ಬಾಕೆ, "ಹಂಗಾರ ನಮ್ಮ ಕೈಯಾಗ ಕೆಲಸಕ್ಕ ಬಂದ ಹೊತ್ತು ಹೋದ ಹೊತ್ತು ಯಾಕ ಬರಸ್ತೀರಿ ಸಾರ್? ಗುಡಿಗೆ ಹೋಗೋರ ಹತ್ರ ಬರಸ್ತಾರೇನು?" ಎಂದಳು. ಉತ್ತರ ಚೆನ್ನಾಗಿತ್ತು. ನಾನು ಸಾಹೇಬಳಾದ್ದರಿಂದ ಮೆಚ್ಚುವ ಹಾಗಿರಲಿಲ್ಲ.

"ಇವತ್ತು ಹೆರಿಗೆ ಅಂತೀರಿ. ನಾಳೆ ಅತ್ತೆಗೆ ಹುಷಾರಿಲ್ಲ ಅಂತೀರಿ. ಹಿಂಗ ಕೊಡ್ತಾ ಹೋದ್ರೆ ಅಡುಗಿ ಯಾರ್ರಿ ಮಾಡೋರು?"

ಇದಕ್ಕೆ ಯಾರಿಗೂ ಉತ್ತರ ಹೊಳೆಯಲಿಲ್ಲ. ಜಗಲಿಯ ಮೇಲೆ ಎಲೆಯಡಿಕೆ ಜಗಿಯುತ್ತಿದ್ದ ಅಜ್ಜಿ, ಅಪ್ಪನ ತಾಯಿ, "ನಿಜವಾದ ಸಾಹೇಬ ಇವಳನ್ನ ನೋಡಿದ್ರ ಅವನೇ ರಜ ಹಾಕ್ಕಂಡು ಹೋಗ್ತಾನ" ಎಂದಳು. ಎಲ್ಲರೂ ನಕ್ಕು ಅಂದಿನ ತರಬೇತಿ ಮುಗಿಯಿತು.

ಏಳುವ ಮೊದಲು ನಾನು ಕೈಮುಗಿದು ಹೇಳಿದೆ: "ಘೋಷಣೆ ಮರೆತ್ರೂ ಪರವಾಗಿಲ್ಲ, ಮನವಿ ಹರಿದ್ರೂ ಪರವಾಗಿಲ್ಲ. ನಿಮ್ಮ ಕೈಯಾಗ ಇರೋದು ಒಲೆ ಒಂದೇ. ಅವತ್ತು ಅದು ಹತ್ತಬಾರದು. ಆಯ್ತಾ?" ಎಲ್ಲರೂ ತಲೆಯಾಡಿಸಿದರು. ನಮ್ಮ ಕಡೆಯ ಹೆಂಗಸರು ತಲೆಯಾಡಿಸಿದರೆ 'ನೀನು ಹೇಳಿದ್ದು ಕೇಳಿಸಿತು' ಎಂದಷ್ಟೇ ಅರ್ಥ. ಅವರಲ್ಲೇ ಹುಟ್ಟಿ ಬೆಳೆದ ನನಗೆ ಅದು ಆ ಹೊತ್ತಿಗೆ ನೆನಪಾಗಲಿಲ್ಲ.

ಮುಷ್ಕರದ ದಿನ ಬಸ್ಸುಗಳು ತುಂಬಿ ಬಂದವು. ಶಾಮಿಯಾನದ ಕೆಳಗೆ ಜಾಗ ಸಾಲದೆ ಅರ್ಧ ಜನ ಬೇವಿನ ಮರದ ನೆರಳಿಗೆ ಸರಿದರು. ಅತ್ತಿಗೆ ಹೊಟ್ಟೆ ಹೊತ್ತುಕೊಂಡೇ ಬಂದಿದ್ದಳು, ಬೇಡವೆಂದರೆ "ನನ್ನ ರಜಕ್ಕೆ ನಾ ಬರದೇ ಇದ್ರೆ ಹೆಂಗೆ?" ಎಂದಿದ್ದಳು. ಮೈಕು ನನ್ನ ಕೈಗೆ ಬಂತು. ನಾನು ನನ್ನ ಅತ್ಯುತ್ತಮ ಸಾಲಿನಿಂದಲೇ ಶುರು ಮಾಡಿದೆ: "ಇವತ್ತು ಈ ತಾಲ್ಲೂಕಿನ ಒಂದೇ ಒಂದು ಶಾಲೆಯ ಒಲೆಯೂ ಹೊತ್ತಿಲ್ಲ!" ಚಪ್ಪಾಳೆ ಬಿತ್ತು. ಸ್ವಲ್ಪ ತೆಳ್ಳಗಿತ್ತು ಎಂದು ಈಗ ಅನ್ನಿಸುತ್ತದೆ.

ಊಟದ ಹೊತ್ತು ಮುಗಿದ ಮೇಲೆ ಅಧಿಕಾರಿ ಹೊರಗೆ ಬಂದರು. ವಯಸ್ಸು ಹೆಚ್ಚಿಲ್ಲ, ದರ್ಪವೂ ಇಲ್ಲ. ನನ್ನ ಮಾತನ್ನು ಪೂರ್ತಿ ಕೇಳಿ, "ಒಂದ್ನಿಮಿಷ ಇರಮ್ಮ" ಎಂದು ಜೇಬಿನಿಂದ ಫೋನು ತೆಗೆದರು. ಯಾವುದೋ ಶಾಲೆಯ ಹೆಡ್‌ಮೇಷ್ಟ್ರಿಗೆ ಕರೆ ಹಚ್ಚಿ, ಧ್ವನಿ ಎಲ್ಲರಿಗೂ ಕೇಳುವಂತೆ ಹಿಡಿದರು.

"ಮಕ್ಕಳ ಊಟ ಆಯ್ತಾ ಸಾರ್?"

"ಆಯ್ತಲ್ಲ ಸಾರ್. ಇವತ್ತು ಬಿಸಿಬೇಳೆಬಾತು."

"ಅಡುಗೆಯವರೆಲ್ಲ ಇಲ್ಲೇ ಕೂತಿದ್ದಾರಲ್ರೀ. ಯಾರು ಮಾಡಿದ್ರು?"

"ಅವರ ಓರಗಿತ್ತಿ ಬಂದಿದ್ರು ಸಾರ್."

ಇನ್ನೊಂದು ಶಾಲೆಗೆ ಕರೆ ಹೋಯಿತು. ಅಲ್ಲಿ ಅಡುಗೆಯವಳ ತಂಗಿ ಬಂದಿದ್ದಳು. ಮತ್ತೊಂದು ನಮ್ಮೂರ ಶಾಲೆ.

"ಊಟ ಆಗೈತಿ ಸಾರ್" ಎಂದರು ನಮ್ಮ ಹೆಡ್‌ಮೇಷ್ಟ್ರು ಉತ್ಸಾಹದಿಂದ. "ಅವರ ಮನೆ ಅಜ್ಜಿ ಬಂದಿದ್ರು, ಜೊತೆಗೆ ಪಕ್ಕದ ಮನೆಯವ್ರು. ಸಾಂಬಾರಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು. ಹುಡುಗ್ರು ಉಂಡ್ರು ಬಿಡ್ರಿ."

ನಾನು ಅವ್ವನನ್ನು ನೋಡಿದೆ. ಅವ್ವ ಸೆರಗಿನ ಅಂಚನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಶಾಮಿಯಾನದ ತುಂಬ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಯಾರಿಗೂ ಹೇಳಿರಲಿಲ್ಲ. ಪ್ರತಿಯೊಬ್ಬಳೂ 'ನಾನೊಬ್ಬಳು ಬದಲಿ ಕಳಿಸಿದರೆ ಏನಾಗುತ್ತದೆ' ಎಂದುಕೊಂಡು ಕಳಿಸಿ, ಕದ್ದು ಬಂದವಳಂತೆ ಇಲ್ಲಿ ಬಂದು ಕೂತಿದ್ದಳು. ಮೊದಲು ನಕ್ಕವಳು ಯಾರೋ ಗೊತ್ತಿಲ್ಲ. ಆಮೇಲೆ ಶಾಮಿಯಾನವೇ ನಕ್ಕಿತು. ಅಧಿಕಾರಿಯೂ ನಕ್ಕರು.

"ಮುಷ್ಕರಕ್ಕೂ ಬದಲಿ ಕೊಟ್ಟು ಬಂದೀರಲ್ರಮ್ಮ!" ಎಂದು ಮನವಿ ತೆಗೆದುಕೊಂಡು, ಎಲ್ಲರಿಗೂ ಚಹಾ ಹೇಳಿ ಒಳಗೆ ಹೋದರು. ನಾನು ಚಹಾ ಕುಡಿಯಲಿಲ್ಲ. ನನ್ನ ಪಾಲಿನದನ್ನೂ ಅವ್ವನೇ ಕುಡಿದಳು.

ಊರಿಗೆ ಮರಳುವ ಬಸ್ಸಿನಲ್ಲಿ ನಾನು ಹರಿಹಾಯ್ದೆ.

"ಮುಷ್ಕರ ಅಂದ್ರೆ ಕೆಲಸ ನಿಲ್ಲಬೇಕವ್ವ."

"ನಿಲ್ಸಿದ್ನೆಲ್ಲೇ. ನಾ ಎಲ್ಲಿ ಒಲಿ ಹಚ್ಚೀನಿ ಇವತ್ತು?"

"ಅಜ್ಜಿ ಹಚ್ಚಿದ್ಲಲ್ಲ!"

"ನಿಮ್ಮಜ್ಜಿ ಸಂಘದಾಗ ಇಲ್ಲ."

ಚರ್ಚಾಸ್ಪರ್ಧೆಯಲ್ಲಿ ಇಂಥ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ನನಗೆ ಇನ್ನಷ್ಟು ಸಿಟ್ಟು ಬಂತು. ಅವ್ವ ಮಾತ್ರ ಮೆಲ್ಲಗೆ ಹೇಳಿದಳು: "ಅವು ತಾಟು ತಗಂಡು ಸಾಲಾಗಿ ಕುಂತು ಬಾಗಲ ಕಡಿ ನೋಡ್ತಾವು ನೋಡು. ಅದನ್ನ ನೆನಸ್ಕಂಡು ಅಲ್ಲಿ ಕುಂತು ಹೆಂಗ ಕೂಗಲಿ ನಾನು? ಮಕ್ಕಳನ್ನ ಉಪಾಸ ಕೆಡವಿ ನಮಗೆ ರಜ ಬ್ಯಾಡ."

ಕಂಡಕ್ಟರು ಟಿಕೆಟ್ ಹರಿಯುತ್ತ, "ಏನ್ರವ್ವ, ಗೆದ್ರಾ?" ಎಂದ. ಹಿಂದಿನ ಸೀಟಿನಿಂದ ಉತ್ತರ ಬಂತು: "ನಾವು ಗೆದ್ವಿ ಕಣಪ್ಪ, ನಮ್ಮ ಓರಗಿತ್ತೇರು ಸೋಲಿಸಿಬಿಟ್ರು!"

ಆ ನಗುವಿನ ನಡುವೆ ಅತ್ತಿಗೆ ನನ್ನ ತೋಳು ಮುಟ್ಟಿದಳು. "ಎಂತ ಗೊತ್ತಾ, ಇವತ್ತಿನ ಬದಲಿಯವ್ರಿಗೂ ಕೂಲಿ ನಾವೇ ಕೊಡ್ಬೇಕಲ್ಲ. ರಜ ಕೇಳ್ಲಿಕ್ಕೆ ಹೋಗಿದ್ದಕ್ಕೂ ರಜದ ಖರ್ಚು ನಮ್ಮದೇ ಆಯ್ತು." ನಗುತ್ತಲೇ ಹೇಳಿದಳು. ಹೇಳಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

ಮನೆಗೆ ಬಂದರೆ ಅಜ್ಜಿ ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದಳು. ನಾನು ಜಗಳಕ್ಕೆಂದೇ ಹತ್ತಿರ ಹೋಗಿ, "ನೀನು ಮಾಡಿದ ಸಾಂಬಾರಿನಿಂದ ಮುಷ್ಕರ ಮುರೀತು" ಎಂದೆ. ಹೇಳುತ್ತಿದ್ದಂತೆ ನನ್ನ ತಲೆಯಲ್ಲಿ ಏನೋ ಮಗ್ಗುಲು ಬದಲಿಸಿತು. ಅಧಿಕಾರಿ ನಮ್ಮ ವಿರುದ್ಧ ತೋರಿಸಿದ ಸಾಕ್ಷಿ ಅದೊಂದೇ: ಆ ಸಾಂಬಾರು. 'ರಜೆ ಕೊಟ್ಟರೆ ಅಡುಗೆ ಯಾರು ಮಾಡುತ್ತಾರೆ' ಎಂಬ ಪ್ರಶ್ನೆಗೆ ಅಂಗಳದಲ್ಲಿ ಯಾರಿಗೂ ಉತ್ತರ ಸಿಕ್ಕಿರಲಿಲ್ಲವಲ್ಲ, ಉತ್ತರವನ್ನು ಅವರೇ ಫೋನಿನಲ್ಲಿ ಊರಿಗೆಲ್ಲ ಕೇಳಿಸಿದ್ದರು. ಅಡುಗೆ ನಿಲ್ಲುವುದಿಲ್ಲ. ಹಾಗಾದರೆ ಉಳಿದದ್ದು ಬದಲಿಗೆ ಕೂಲಿ ಯಾರು ಕೊಡಬೇಕು ಎಂಬುದಷ್ಟೇ.

"ಅಜ್ಜಿ, ನಿನ್ನ ಇವತ್ತಿನ ಕೂಲಿ ಯಾರು ಕೊಡಬೇಕು?"

"ನಿಮ್ಮವ್ವ."

"ಅವಳು ಕೊಡಲ್ಲ. ಸರ್ಕಾರ ಕೊಡಬೇಕು. ಕೇಳ್ತೀಯಾ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೇಳಕೇನು? ಬಾಯಿಲ್ಲೇನು ನನಗ?"

ಮುಂದಿನ ವಾರ ಹೋದದ್ದು ಬದಲಿಯವರು. ಅಡುಗೆಯವರೆಲ್ಲ ತಮ್ಮ ತಮ್ಮ ಶಾಲೆಯಲ್ಲಿ ಎಂದಿನಂತೆ ಮಕ್ಕಳಿಗೆ ಬಡಿಸಿದರು. ಮಧ್ಯಾಹ್ನ ಓರಗಿತ್ತಿಯರು, ತಂಗಿಯರು, ಅತ್ತೆಯರು ಕಚೇರಿಗೆ ಬಂದರು. ಶಾಮಿಯಾನವಿಲ್ಲ, ಮೈಕಿಲ್ಲ. ಪಹಣಿ ಕೇಳಲು ಬಂದವರಂತೆ ಸಾಲಾಗಿ ನಿಂತರು. ಎಲ್ಲರ ಮುಂದೆ ಅಜ್ಜಿ, ಅವಳ ಪಕ್ಕ ನಾನು.

"ಯಾರಜ್ಜಿ ನೀವು?" ಎಂದರು ಅಧಿಕಾರಿ.

"ಬದಲಿ ರೀ."

"ಯಾರ ಬದಲಿ?"

"ಅವತ್ತು ನೀವು ಫೋನ್ ಹಚ್ಚಿದಾಗ ಉಪ್ಪು ಮುಂದಾಗೈತಿ ಅಂದ್ರಂತಲ್ರೀ ಮೇಷ್ಟ್ರು, ಆ ಬದಲಿ. ಉಪ್ಪು ಸರಿಯಾಗೇ ಇತ್ತು. ಆ ಮೇಷ್ಟ್ರಿಗೆ ಬಿಪಿ ಐತಿ, ಅದಕ್ಕ ಹಂಗನ್ನಿಸ್ತತಿ."

ಅಧಿಕಾರಿ ನಗು ತಡೆದುಕೊಂಡು, "ಏನಾಗಬೇಕಿತ್ತಜ್ಜಿ?" ಎಂದರು.

"ಅವತ್ತಿನ ಕೂಲಿ."

"ನಿಮ್ಮನ್ನ ನಾವು ಕೆಲಸಕ್ಕೆ ಕರೆದಿಲ್ವಲ್ಲ?"

ನಾನು ಕಾಯುತ್ತಿದ್ದ ಮಾತು ಅದೇ. "ಸಾರ್, ಇವರು ಕೆಲಸದವರಲ್ಲ ಅಂದ್ರೆ ಅವತ್ತು ನಿಮ್ಮ ಅಡುಗೆಯವರು ಯಾರೂ ಕೆಲಸ ಮಾಡಿಲ್ಲ, ಮುಷ್ಕರ ನಡೆದಿದೆ. ಇವರು ಕೆಲಸದವರು ಅಂದ್ರೆ ಕೂಲಿ ಕೊಡಬೇಕು. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ."

ಅವರು ನನ್ನ ಕಡೆ ತಿರುಗಿದರು. "ಲಾ ಓದ್ತಾ ಇದೀರಾ?"

"ಇಲ್ರೀ ಸಾಹೇಬ್ರೆ" ಎಂದಳು ಅಜ್ಜಿ. "ಹುಟ್ಟಿದಾಗಿಂದ ಹಂಗ ಐತಿ. ಡಾಕ್ಟರಿಗೆ ತೋರಿಸಿಲ್ಲ."

ಆಮೇಲೆ ಅವರು ಕುರ್ಚಿ ಹಾಕಿಸಿದರು. ಅಜ್ಜಿ ಕೂತು ನಮ್ಮ ಅತ್ತಿಗೆಯ ವಿಷಯ ಹೇಳಿದಳು, ಪಕ್ಕದೂರಿನ ನಾದಿನಿಯ ವಿಷಯವನ್ನೂ ಹೇಳಿದಳು. ಅಧಿಕಾರಿ ಕೇಳಿದರು. ಸಂಬಳಸಹಿತ ರಜೆಯಾಗಲಿ, ಬದಲಿಯ ಕೂಲಿಯಾಗಲಿ ತಮ್ಮ ಕೈಯಲ್ಲಿಲ್ಲ, ಮೇಲಿನಿಂದ ಆಗಬೇಕು; ಮನವಿಯ ಜೊತೆ ತಮ್ಮ ಅಭಿಪ್ರಾಯವನ್ನೂ ಬರೆದು ಕಳಿಸುತ್ತೇನೆ ಎಂದರು. 'ಮೇಲೆ' ಎಂಬುದು ಎಲ್ಲಿದೆ ಎಂದು ಕೇಳಿದವರಿಗೆಲ್ಲ ಇನ್ನೂ ಮೇಲಕ್ಕೆ ಕೈ ತೋರಿಸುತ್ತಾರೆ ಎಂಬುದು ನನ್ನ ಅನುಭವ. ಅದಕ್ಕೇ ಕೇಳಿದೆ:

"ನಿಮ್ಮ ಕೈಯಲ್ಲಿ ಏನಿದೆ ಸಾರ್?"

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ, "ಹೆರಿಗೆಗೆ ಹೋದವರ ಜಾಗಕ್ಕೆ ಬಂದವರು ಬದಲಿಯಾಗಿಯೇ ಇರಬೇಕು. ಅವರು ವಾಪಸ್ ಬಂದ ದಿನ ಜಾಗ ಅವರದ್ದು. ಇಷ್ಟನ್ನ ಎಲ್ಲ ಹೆಡ್‌ಮೇಷ್ಟ್ರುಗಳಿಗೂ ಹೇಳ್ತೀನಿ" ಎಂದರು.

"ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರಲ್ಲ ಸಾರ್."

"ಬರೆದೇ ಕಳಿಸ್ತೀನಮ್ಮ" ಎಂದರು, ಸೋತವರಂತೆ. ಬರೆದು ಕಳಿಸಿದರು ಕೂಡ. ಅವರು ಮಾತಿಗೆ ತಪ್ಪಲಿಲ್ಲವಲ್ಲ ಎಂದು ನನಗೆ ತುಸು ನಿರಾಸೆಯೇ ಆಯಿತು. ಮುಂದಿನ ವಾದ ತಯಾರಿತ್ತು.

ಕುಬುಸ ಮಾಡಿ ಅತ್ತಿಗೆಯನ್ನು ತವರಿಗೆ ಕಳಿಸಿದೆವು. ಬದಲಿಯಾಗಿ ಅಜ್ಜಿ ನಿಂತಳು. ಭಾರ ಎತ್ತುವುದೆಲ್ಲ ಅವ್ವ ನೋಡಿಕೊಂಡಳು. ಅತ್ತಿಗೆಯ ಖಾತೆಗೆ ಬಂದ ಹಣವನ್ನು ಅಣ್ಣ ತಂದು ಅಜ್ಜಿಗೆ ಕೊಡುತ್ತಿದ್ದ. ಅಂದರೆ ಆ ರಜೆಗೆ ಸಂಬಳವಿರಲಿಲ್ಲ. ಇಂದಿಗೂ ಇಲ್ಲ; ಅವ್ವ ಮತ್ತು ಸಂಘದವರು ಅದಕ್ಕಾಗಿ ಈಗ ಶಿವಮೊಗ್ಗಕ್ಕೆ ಓಡಾಡುತ್ತಾರೆ. ಗೆದ್ದೆವು ಎಂದು ಯಾರಾದರೂ ಹೇಳಿದರೆ ನಾನು ಈ ಮಾತು ಎತ್ತಿ ಅವರ ಬಾಯಿ ಮುಚ್ಚಿಸುತ್ತೇನೆ.

ಹೆಣ್ಣುಮಗು ಹುಟ್ಟಿತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ನೋಡಲು ಹೋದೆ. ಬಾಣಂತಿ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಅತ್ತಿಗೆ ಮಗುವನ್ನು ನನ್ನ ಮಡಿಲಿಗೆ ಹಾಕಿ, ಮಗುವಿನ ಮಾತು ಬಿಟ್ಟು ಉಳಿದದ್ದೆಲ್ಲ ಕೇಳಿದಳು. ಅಜ್ಜಿ ಒಗ್ಗರಣೆಗೆ ಕರಿಬೇವು ಹಾಕ್ತಾರಾ? ಮೂರನೇ ಕ್ಲಾಸಿನ ಆ ತೊದಲು ಮಾತಿನವನು ಅನ್ನ ಬಿಡೋದು ಬಿಟ್ಟನಾ?

"ಮಕ್ಕಳು ನನ್ನ ಕೇಳ್ತಾರಾ?"

"ಇಲ್ಲಪ್ಪ. ಅಜ್ಜಿ ದಿನಾ ಕಥೆ ಹೇಳಿ ಬಡಿಸ್ತಾಳೆ. ಯಾರಿಗೂ ನಿನ್ನ ನೆನಪೇ ಇಲ್ಲ."

"ಸುಳ್ಳು ಬೊಗಳ್ಬೇಡ ಮಾರಾಯ್ತಿ" ಎಂದಳು. ಕೇಳದವರು ಯಾರೂ ಇರಲಿಲ್ಲ ಎಂದು ಹೇಳಿದ ಮೇಲೆಯೇ ನನಗೆ ಅಕ್ಕಿರೊಟ್ಟಿ ಸಿಕ್ಕಿದ್ದು. ಆದರೆ ಅಜ್ಜಿಯ ಕಥೆಗಳ ವಿಷಯ ಸುಳ್ಳಾಗಿರಲಿಲ್ಲ. ಅಜ್ಜಿಗೆ ಆ ಅಡುಗೆಮನೆ ಬಹಳ ಹಿಡಿಸಿಬಿಟ್ಟಿತ್ತು. ಕಾಲುನೋವಿನ ಮಾತು ಕೇಳಿ ತಿಂಗಳುಗಳೇ ಆಗಿದ್ದವು.

ಬಾಣಂತನ ಮುಗಿಸಿ ಅತ್ತಿಗೆ ಊರಿಗೆ ಬಂದಳು. ಕೆಲಸಕ್ಕೆ ಮರಳುವ ದಿನ ಬೆಳಿಗ್ಗೆ ಅವಳು ಸೀರೆ ಉಟ್ಟು ಹೊರಗೆ ಬರುವಷ್ಟರಲ್ಲಿ ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ಇನ್ನೊಂದೆರಡು ತಿಂಗಳು ನಾನೇ ಹೋಗ್ತೀನಿ. ಇವಳು ಹಸಿ ಬಾಣಂತಿ. ಮನ್ಯಾಗ ಆರಾಮಾಗಿ ಕೂಸು ಆಡಿಸ್ಲಿ."

ಅತ್ತೆಯ ಮುಂದೆ ಅವ್ವನ ಮುಂದಾಳುತನ ನಡೆಯುವುದಿಲ್ಲ. ಅತ್ತಿಗೆಯ ಮುಖ ಇಳಿಯಿತು. ಅಧಿಕಾರಿಯ ಬಾಯಿ ಕಟ್ಟಿದ ನಾನು ಈಗ ನಮ್ಮದೇ ಸಾಕ್ಷಿಯ ಎದುರು ನಿಂತೆ.

"ಅಜ್ಜಿ, ವಾಪಸ್ ಬಂದ ದಿನ ಜಾಗ ಅವಳದ್ದು. ಕುರ್ಚಿ ಮೇಲೆ ಕುಂತು ಬರಸ್ಕಂಡು ಬಂದವಳು ನೀನೇ."

"ಅದು ಊರಾಗಿನ ನಾದಿನೇರಿಗೆ ಬರ್ಸಿದ್ದು. ನಾನು ಮನಿ ಹಿರ್ಯಾಳು. ನನಗೇನು ಅವಳ ಜಾಗ ಬೇಕಾಗೈತಾ?"

"ಹಿರಿಯರಿಗೆ ಬ್ಯಾರೆ ಅಂತ ಅದರಾಗ ಎಲ್ಲಿ ಬರದೈತಿ?"

ಅಜ್ಜಿ ಉತ್ತರಿಸುವ ಮೊದಲು ಅತ್ತಿಗೆ ಮುಂದೆ ಬಂದಳು. ಅಷ್ಟು ನೇರವಾಗಿ ಅವಳು ಹಿರಿಯರ ಎದುರು ಮಾತಾಡಿದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ.

"ಅಜ್ಜೀ, ನಂಗೆ ರಜ ಬೇಕಿತ್ತು. ನೀವು ನಿಂತ್ರಿ, ಅದಕ್ಕೇ ಸಿಕ್ತು. ಈಗ ನಂಗೆ ಕೆಲಸ ಬೇಕು."

ಅಜ್ಜಿ ಅವಳನ್ನು ನೋಡಿದಳು. ಬಾಗಿಲ ಆಚೆ ನೋಡಿದಳು. ಶಾಲೆಗೆ ಹೋಗುತ್ತಿದ್ದ ಒಂದಿಬ್ಬರು ಹುಡುಗರು "ಅಕ್ಕಾ ಬಂದ್ಲು!" ಎಂದು ಕೂಗುತ್ತ ಓಡಿದರು. ಅಜ್ಜಿಯ ಕೈ ಸೆರಗಿನ ಗಂಟಿಗೆ ಹೋಗಿ, ಶಾಲೆಯ ಅಡುಗೆಮನೆಯ ಬೀಗದ ಕೈ ಬಿಚ್ಚಿ ಕಿಟಕಿಯ ಮೇಲಿಟ್ಟಿತು.

"ಮತ್ತೆ ಈ ಕೂಸು?"

"ನನ್ನ ಜೊತೆ ಬರ್ತದೆ."

"ಒಲಿ ಹತ್ರನಾ? ತಲಿಗಿಲಿ ಕೆಟ್ಟೈತೇನು?" ಎಂದು ಗದರಿ, ಮಗುವನ್ನು ಅತ್ತಿಗೆಯ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. "ನಾ ಶಾಲಿ ಜಗಲಿ ಮ್ಯಾಲೆ ಕುಂದಿರ್ತೀನಿ. ಹಸಿವಾದಾಗ ತಂದು ಕೊಡ್ತೀನಿ." ಯಾರ ಒಪ್ಪಿಗೆಗೂ ಕಾಯದೆ ಮೆಟ್ಟಿಲಿಳಿದು ನಡೆದೇಬಿಟ್ಟಳು. ಹಿಂದಿನಿಂದ ಅವ್ವ, ಅತ್ತಿಗೆ. ಅತ್ತಿಗೆ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ನನಗೆ ಸುಮ್ಮನಿರಲು ಆಗಲಿಲ್ಲ. ಅವ್ವನ ಪಕ್ಕಕ್ಕೆ ಸರಿದು ಕೇಳಿದೆ: "ದಿನಾ ಕೂಸು ನೋಡ್ಕಳ್ಳೋದೂ ಕೆಲಸ ಅಲ್ಲೇನವ್ವ? ಅಜ್ಜಿಗೆ ಅದರ ಕೂಲಿ ಯಾರು ಕೊಡ್ತಾರೆ?"

"ಏ, ಮೆಲ್ಲಕ. ಅವಳಿಗೆ ಕೇಳಿಸ್ತತಿ."

ಕೇಳಿಸಿತ್ತು. ಅಜ್ಜಿ ದಾರಿಯ ನಡುವೆ ನಿಂತು, ಮಗುವಿನ ತಲೆಯ ಮೇಲೆ ಸೆರಗು ಸರಿಮಾಡಿ, ನಮ್ಮ ಕಡೆ ತಿರುಗಿದಳು.

"ಆ ಸಾಹೇಬ ಯಾವ್ಯಾವ ದಿನ ಇರ್ತಾನಂತ ಕಚೇರ್ಯಾಗ?"